ಒರೆಸಿದ ಧೂಳು ಎಲ್ಲಿಗೆ ಹೋಗುತ್ತೆ? ರೇಡಿಯೋದಿಂದ ಮೊಬೈಲ್‌ವರೆಗೆ ಒಂದು ಬಟ್ಟೆಯ ಚರಿತ್ರೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಮಹಾನವಮಿ ಹತ್ತಿರ ಬಂತು. ಇನ್ನೇನು ಮನೆಮನೆಯಲ್ಲೂ ಬಕೆಟ್ಟು, ಬಟ್ಟೆ, ಪೊರಕೆ ಹೊರಗೆ ಬರ್ತವೆ. ನೇಗಿಲು, ಕುಡುಗೋಲು, ಬೈಕು, ಟ್ರ್ಯಾಕ್ಟರ್ ತೊಳೆಯೋದು ಹಳೇ ಕಥೆ. ಈಗ ಅದೇ ಸಾಲಿನಲ್ಲಿ ಟಿವಿ ಇದೆ, ಮಿಕ್ಸರ್ ಇದೆ, ಲ್ಯಾಪ್‌ಟಾಪ್ ಇದೆ, ಮೊಬೈಲ್ ಇದೆ. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು.

ಇವತ್ತಿನ ವಿಷಯ ಅದೇ. ಕರೆಂಟಿನ ಸಾಮಾನುಗಳನ್ನ ನಾವು ಇಷ್ಟು ವರ್ಷ ಹೇಗೆ ಸ್ವಚ್ಛ ಮಾಡಿಕೊಂಡು ಬಂದ್ವಿ? ಅದರಲ್ಲಿ ಏನು ತಪ್ಪಿತು, ಏನು ಕಲಿತ್ವಿ? ಈ ಕಥೆ ಹೇಳೋಕೆ ನಾನು ಆರಿಸಿಕೊಂಡ ಜಾಗ ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಯಾಕೆ ಅಂತ ಕೇಳ್ತೀರಾ? ತುಂಗಭದ್ರೆಯ ಈ ಕಡೆ ದಂಡೆಯಲ್ಲಿ ಕುಮಾರಪಟ್ಟಣ, ಕೊಡಿಯಾಲ ಹೊಸಪೇಟೆ. ಆ ಕಡೆ ದಂಡೆಯಲ್ಲಿ ಹರಿಹರ. ಈ ಊರಿನಲ್ಲಿ ಕಟ್ಟಿಗೆಯಿಂದ ನೂಲಿನ ಎಳೆ ತೆಗೆಯುವ ಕಾರ್ಖಾನೆ ಇದೆ. ನೀವು ಇವತ್ತು ಮೊಬೈಲ್ ಒರೆಸೋಕೆ ಬಳಸುವ ಒದ್ದೆ ವೈಪ್ಸ್ ಇದಾವಲ್ಲ, ಅವುಗಳಲ್ಲಿ ಎಷ್ಟೋ ಅದೇ ಬಗೆಯ ಎಳೆಯಿಂದ ಆದವು. ಅಂದ್ರೆ ಒರೆಸುವ ಬಟ್ಟೆಯ ಕಥೆ ಇಲ್ಲಿಂದ ಶುರು ಮಾಡಬಹುದು. ಆದ್ರೆ ಮೊದಲು ಒರೆಸಿಕೊಳ್ಳುವ ಸಾಮಾನಿನ ಕಥೆ.

ಅಟ್ಟದ ಮೇಲಿನ ರೇಡಿಯೋ

1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ನಮ್ಮ ಉತ್ತರ ಕರ್ನಾಟಕದ ಭಾಗಕ್ಕೆ ಮಾತ್ರ ರೇಡಿಯೋ ಅಂದ್ರೆ ಧಾರವಾಡ. ಧಾರವಾಡ ಕೇಂದ್ರ ಶುರುವಾಗಿದ್ದು 1950ರ ಜನವರಿ 8ರಂದು. ಆಗ ಊರಿಗೆ ಒಂದೋ ಎರಡೋ ರೇಡಿಯೋ. ಪಂಚಾಯ್ತಿ ಕಟ್ಟೆಯಲ್ಲಿ ಒಂದು, ಗೌಡರ ಮನೆಯಲ್ಲಿ ಇನ್ನೊಂದು. ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿತ್ತು, ವರ್ಷಾ ವರ್ಷಾ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಿತ್ತು. 1980ರ ದಶಕದವರೆಗೂ ಈ ಪದ್ಧತಿ ನಡೀತು.

ಅಂಥ ರೇಡಿಯೋಗಳು ವಾಲ್ವ್ ರೇಡಿಯೋಗಳು. ಒಳಗೆ ಗಾಜಿನ ಬುರುಡೆಗಳು, ಅವು ಕಾದ ಮೇಲೇ ಮಾತು. ಮಕ್ಕಳ ಕೈಗೆ ಸಿಗಬಾರದು ಅಂತ ಎತ್ತರದ ಹಲಗೆ ಮೇಲೆ ಇಡ್ತಿದ್ರು. ಅದರ ಮೇಲೆ ಕಸೂತಿ ಹಾಕಿದ ಒಂದು ಬಟ್ಟೆ. ಆ ಬಟ್ಟೆ ಧೂಳು ತಡೀತಿತ್ತು ನಿಜ. ಆದ್ರೆ ರೇಡಿಯೋ ಹಚ್ಚಿದಾಗಲೂ ಅದನ್ನ ತೆಗೆಯದೇ ಬಿಟ್ರೆ ಒಳಗಿನ ಬಿಸಿ ಒಳಗೇ ಉಳೀತಿತ್ತು. ಸ್ವಲ್ಪ ಹೊತ್ತಿಗೆ ಕಾದ ಧೂಳಿನ ವಾಸನೆ. ಹಳಬರಿಗೆ ಆ ವಾಸನೆ ನೆನಪಿರುತ್ತೆ.

ಒರೆಸೋಕೆ ಏನು? ಹರಿದ ಧೋತರದ ತುಂಡು. ಕಟ್ಟಿಗೆಯ ಪೆಟ್ಟಿಗೆ ಮಿಂಚಲಿ ಅಂತ ಒಂದೆರಡು ಹನಿ ಸೀಮೆಎಣ್ಣೆ. ಒಳಗಿನ ಧೂಳಿಗೆ ಕೋಳಿ ಪುಕ್ಕ. ನೋಡೋಕೆ ಸಾದಾ ಕೆಲಸ. ಆದ್ರೆ ಅಪಾಯ ಇದ್ದದ್ದು ಅಲ್ಲೇ. ವಾಲ್ವ್‌ಗಳಿಗೆ 200ರಿಂದ 300 ವೋಲ್ಟ್ ಬೇಕಿತ್ತು. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳೀತಿತ್ತು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಎಸಿ-ಡಿಸಿ ಅಂತ ಕರೀತಿದ್ದ ಕೆಲವು ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ಗೋಡೆಯಿಂದ ಬರುವ ಎರಡು ತಂತಿಯಲ್ಲಿ ಒಂದು ನೇರವಾಗಿ ರೇಡಿಯೋದ ಒಳಗಿನ ಲೋಹದ ತಟ್ಟೆಗೇ ಸೇರಿರ್ತಿತ್ತು. ಪ್ಲಗ್ ಉಲ್ಟಾ ಚುಚ್ಚಿದ್ರೆ ಆ ತಟ್ಟೆ ಪೂರ್ತಿ ಕರೆಂಟು. ಕೈಗೂ ಕರೆಂಟಿಗೂ ನಡುವೆ ಇದ್ದದ್ದು ಬೇಕಲೈಟಿನ ಗುಂಡಿ ಒಂದೇ. ಆ ಗುಂಡಿ ಒಡೆದು ಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದ ರೇಡಿಯೋ, ಅದನ್ನ ಒರೆಸುವ ಹಸಿ ಬಟ್ಟೆ, ಸಗಣಿ ಸಾರಿಸಿದ ಒದ್ದೆ ನೆಲದ ಮೇಲೆ ಬರಿಗಾಲು... ಮುಂದಿನದು ನೀವೇ ಊಹಿಸಿ.

‘ಹಸಿ ಕೈಲೆ ಮುಟ್ಟಬ್ಯಾಡ್ರೋ’ ಅಂತ ಹಿರಿಯರು ಬೈತಿದ್ದದ್ದು ಸುಮ್ಮನೆ ಅಲ್ಲ. ಅದು ಯಾವ ಪುಸ್ತಕದಿಂದ ಬಂದ ಮಾತೂ ಅಲ್ಲ. ಪೆಟ್ಟು ತಿಂದು ಕಲಿತ ಮಾತು.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು. ಬ್ಯಾಟರಿ ಸೆಲ್ ಹಾಕಿದ್ರೆ ಆಯ್ತು, ಕರೆಂಟಿಲ್ಲದ ಊರಲ್ಲೂ ಹಾಡು. ಹೊಲಕ್ಕೂ ತಗೊಂಡು ಹೋಗಬಹುದು. ಹೊಡೆತದ ಭಯ ಹೋಯ್ತು, ಬೇರೆ ಪೀಡೆ ಬಂತು. ಸೆಲ್ ಸೋರೋದು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ರೇಡಿಯೋ ತೆರೆದು ನೋಡಿದ್ರೆ ಬಿಳಿ-ಹಸಿರು ಪುಡಿ, ತಿಂದು ಹೋದ ಸ್ಪ್ರಿಂಗು. ಅದನ್ನ ಬರಿಗೈಲಿ ಉಜ್ಜಬಾರದು, ಊದಬಾರದು. ಕಣ್ಣಿಗೆ, ಚರ್ಮಕ್ಕೆ ಒಳ್ಳೇದಲ್ಲ. ಬಳಸದ ಸಾಮಾನಿನಿಂದ ಸೆಲ್ ತೆಗೆದಿಡಬೇಕು ಅನ್ನೋ ಪಾಠ ಆಗ ಕಲಿತದ್ದು. ಇವತ್ತು ಟಿವಿ ರಿಮೋಟಿಗೂ ಅದೇ ಪಾಠ.

ಕಟ್ಟಿಗೆ ಬಟ್ಟೆಯಾದ ಊರು

ಈಗ ಕುಮಾರಪಟ್ಟಣಕ್ಕೆ ಬರೋಣ. 1970ರ ದಶಕದಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರು ಮಾಡ್ತು. ಬಿರ್ಲಾ ಸಮೂಹದ ಗ್ರಾಸಿಂ ಕಂಪನಿಯದು. ಕಟ್ಟಿಗೆಯನ್ನ ಬೇಯಿಸಿ ತಿರುಳು ಮಾಡೋದು, ಆ ತಿರುಳಿನಿಂದ ವಿಸ್ಕೋಸ್ ಎಳೆ ತೆಗೆಯೋದು. ಜನ ಅದನ್ನ ರೇಯಾನ್ ಅಂತಾರೆ.

ವಿಸ್ಕೋಸ್ ಹೇಗಾಗುತ್ತೆ ಅಂತ ಸಂಕ್ಷಿಪ್ತವಾಗಿ ಹೇಳ್ತೀನಿ, ಮುಂದೆ ಬೇಕಾಗುತ್ತೆ. ಕಟ್ಟಿಗೆಯ ತಿರುಳನ್ನ ಕಾಸ್ಟಿಕ್ ಸೋಡಾದಲ್ಲಿ ನೆನೆಸ್ತಾರೆ. ಆಮೇಲೆ ಕಾರ್ಬನ್ ಡೈಸಲ್ಫೈಡ್ ಅನ್ನುವ ದ್ರವದ ಜೊತೆ ಕೂಡಿಸ್ತಾರೆ. ಅದು ಕಿತ್ತಳೆ ಬಣ್ಣದ, ಜೇನಿನಂಥ ಮಂದ ಪಾಕ ಆಗುತ್ತೆ. ಆ ಪಾಕವನ್ನ ಸಣ್ಣ ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಬಿಟ್ರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತೆ. ನಾವು ಶಾವಿಗೆ ಒತ್ತಿದ ಹಾಗೆ ಅಂದುಕೊಳ್ಳಿ. 1892ರಲ್ಲಿ ಇಂಗ್ಲೆಂಡಿನಲ್ಲಿ ಕ್ರಾಸ್, ಬೆವನ್, ಬೀಡಲ್ ಅನ್ನುವ ಮೂವರು ಇದಕ್ಕೆ ಪೇಟೆಂಟ್ ತಗೊಂಡ್ರು. ಎಳೆ ಮೆತ್ತಗೆ, ನೀರು ಚೆನ್ನಾಗಿ ಹೀರುತ್ತೆ. ಒರೆಸೋಕೆ ಹೇಳಿ ಮಾಡಿಸಿದ ಹಾಗೆ.

ಆದ್ರೆ ಕಾರ್ಬನ್ ಡೈಸಲ್ಫೈಡ್ ಸಾಧು ವಸ್ತು ಅಲ್ಲ. ವಿಸ್ಕೋಸ್ ಬರೋದಕ್ಕೂ ಮೊದಲೇ, 1856ರಲ್ಲಿ, ಫ್ರಾನ್ಸಿನ ವೈದ್ಯ ಡೆಲ್ಪೆಶ್ ರಬ್ಬರ್ ಕೆಲಸಗಾರರನ್ನ ನೋಡಿ, ಈ ಆವಿ ಕುಡಿದವರ ನರಗಳು, ಮನಸ್ಸು ಎರಡೂ ಕೆಡ್ತವೆ ಅಂತ ಬರೆದಿದ್ರು. ಇಪ್ಪತ್ತನೇ ಶತಮಾನದಲ್ಲಿ ಜಗತ್ತಿನ ಬೇರೆ ಬೇರೆ ದೇಶಗಳ ವಿಸ್ಕೋಸ್ ಕಾರ್ಮಿಕರ ಮೇಲೆ ನಡೆದ ಅಧ್ಯಯನಗಳು ಅದನ್ನೇ ಗಟ್ಟಿಮಾಡಿ ಹೇಳಿದವು. ನಮ್ಮ ಮನೆ ಸ್ವಚ್ಛ ಮಾಡುವ ಬಟ್ಟೆ ಹುಟ್ಟುವ ಜಾಗದ ಗಾಳಿ ಯಾರ ಎದೆಗೆ ಹೋಗುತ್ತೆ ಅನ್ನುವ ಪ್ರಶ್ನೆ ಬಹಳ ಹಳೇದು.

1987: ಒಂದೇ ವರ್ಷ, ನಾಲ್ಕು ಕಥೆ

ಈ ಸಂಚಿಕೆಗೆ ಓದ್ತಾ ಓದ್ತಾ ನನಗೆ ಒಂದು ವರ್ಷ ಮತ್ತೆ ಮತ್ತೆ ಸಿಕ್ತು. 1987.

ಮೊದಲನೇ ಕಥೆ ಜನವರಿಯದು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಗಿತ್ತು. 1982ರಲ್ಲಿ ಬಣ್ಣದ ಟಿವಿ ಬಂತು. ಆದ್ರೆ ಊರೂರಿಗೂ ಟಿವಿ ದೇವರಾದದ್ದು 1987ರ ಜನವರಿ 25ರ ಭಾನುವಾರದಿಂದ. ಅವತ್ತು ‘ರಾಮಾಯಣ’ ಧಾರಾವಾಹಿ ಶುರು. ಭಾನುವಾರ ಬೆಳಿಗ್ಗೆ ಜನ ಸ್ನಾನ ಮಾಡಿ, ಟಿವಿ ಒರೆಸಿ, ಹಾರ ಹಾಕಿ, ಊದಿನಕಡ್ಡಿ ಹಚ್ಚಿ ಕೂಡ್ತಿದ್ರು. ದೇಶದ ತುಂಬ ಇದೇ ಸುದ್ದಿ.

ಆ ಟಿವಿಯ ಪರದೆಗೆ ಧೂಳು ಅಂಟೋದೂ ಜಾಸ್ತಿ. ಯಾಕಂದ್ರೆ ಹಿಂದೆ ಡುಬ್ಬ ಇದ್ದ ಆ ಪಿಕ್ಚರ್ ಟ್ಯೂಬಿನ ಒಳಗೆ ಎಲೆಕ್ಟ್ರಾನುಗಳನ್ನ ಪರದೆಯತ್ತ ಎಳೆಯೋಕೆ ಸಾವಿರಗಟ್ಟಲೆ ವೋಲ್ಟ್ ಬೇಕು. ಬಣ್ಣದ ಟಿವಿಯಲ್ಲಿ ಸುಮಾರು 25,000 ವೋಲ್ಟ್. ಕೈ ಹತ್ತಿರ ತಂದ್ರೆ ರೋಮ ನಿಲ್ತಿತ್ತಲ್ಲ, ನೆನಪಿದೆಯಾ? ಅದೇ ಸೆಳೆತ ಧೂಳನ್ನೂ ಎಳೀತಿತ್ತು. ಆಫ್ ಮಾಡಿದ ಮೇಲೂ ಆ ಟ್ಯೂಬು ಒಂದು ದೊಡ್ಡ ಕಂಡೆನ್ಸರಿನ ಹಾಗೆ ಕರೆಂಟು ಹಿಡಿದಿಟ್ಟುಕೊಂಡಿರ್ತಿತ್ತು.

ಎರಡನೇ ಕಥೆ ಸೆಪ್ಟೆಂಬರ್ 16ರದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಓಝೋನ್ ಪದರ ಉಳಿಸುವ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಇದಕ್ಕೂ ಧೂಳು ಒರೆಸೋದಕ್ಕೂ ಏನು ಸಂಬಂಧ ಅಂತೀರಾ? ಬಹಳ ಇದೆ. ಓಝೋನ್ ತಿನ್ನುವ ವಸ್ತು ಅಂದ್ರೆ ಫ್ರಿಜ್ಜಿನ ಗ್ಯಾಸ್ ಮಾತ್ರ ಅಲ್ಲ. ಸಿಎಫ್‌ಸಿ-113 ಅನ್ನುವ ದ್ರವವನ್ನ ಜಗತ್ತಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಸರ್ಕೀಟ್ ಬೋರ್ಡ್ ತೊಳೆಯೋಕೆ ಬಳಸ್ತಿದ್ವು. ನಮ್ಮ ರಿಪೇರಿ ಅಂಗಡಿಗಳಲ್ಲಿ ‘ಸಿಟಿಸಿ’ ಅಂತ ಒಂದು ಬಾಟಲಿ ಇರ್ತಿತ್ತು, ಕಾರ್ಬನ್ ಟೆಟ್ರಾಕ್ಲೋರೈಡ್. ಬ್ರಷ್ಷಿನಲ್ಲಿ ಅದ್ದಿ ಉಜ್ಜಿದ್ರೆ ಜಿಡ್ಡು ಮಾಯ, ತಕ್ಷಣ ಆರುತ್ತೆ, ಬೆಂಕಿ ಹತ್ತಲ್ಲ. ಇದಕ್ಕಿಂತ ಒಳ್ಳೇದು ಇನ್ನೇನು ಬೇಕು ಅನ್ನೋ ಹಾಗೆ. ಆದ್ರೆ ಆ ಸಿಹಿ ವಾಸನೆಯ ಆವಿ ಯಕೃತ್ತಿಗೂ ಮೂತ್ರಪಿಂಡಕ್ಕೂ ವಿಷ. ಮೇಲೆ ಹೋದ್ರೆ ಓಝೋನಿಗೂ ವಿಷ. ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದ ಸೇರಿತು. 2010ರಿಂದ ಇಂಥ ಬಳಕೆಗಳಿಗೆ ಸಿಎಫ್‌ಸಿ, ಸಿಟಿಸಿ ಎರಡೂ ನಿಂತವು. ಇವತ್ತು ರಿಪೇರಿಯವರ ಕೈಯಲ್ಲಿ ಕಾಣೋದು ಐಪಿಎ, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್. ಇದು ಓಝೋನಿಗೆ ಏನೂ ಮಾಡಲ್ಲ. ಆದ್ರೆ ಬೆಂಕಿ ಹತ್ತುತ್ತೆ. ಒಂದು ಅಪಾಯ ಬಿಟ್ಟು ಇನ್ನೊಂದನ್ನ ನಾವೇ ಆರಿಸಿಕೊಂಡ್ವಿ. ಅದು ಸರಿಯಾದ ಆಯ್ಕೆ, ಆದ್ರೆ ಎಚ್ಚರ ನಮ್ಮದು.

ಮೂರನೇ ಕಥೆ ಆ ವರ್ಷದ ಮಹಾನವಮಿಯದು, ನಮ್ಮ ಓಣಿಯದು. ನಾನಾಗ ಪ್ರಾಥಮಿಕ ಶಾಲೆ ಹುಡುಗ. ಪಕ್ಕದ ಮನೆ ಕಾಕಾ ಹೊಸದಾಗಿ ಟಿವಿ ತಂದಿದ್ರು. ಪೂಜೆಯ ಹಿಂದಿನ ಸಂಜೆ ಎಲ್ಲಾ ಸಾಮಾನು ಒರೆಸಿ ಆಯ್ತು. ‘ಮುಂದ ಒರಿಸಿದ್ರ ಏನಾತು, ಹಿಂದ ನೋಡ್ರಿ ಎಷ್ಟ ಧೂಳ ಐತಿ’ ಅಂತ ಕಾಕಾ ಸ್ಕ್ರೂ ಬಿಚ್ಚಿ ಹಿಂದಿನ ಮುಚ್ಚಳ ತೆಗೆದ್ರು. ಕಾಕು ಹೇಳಿದ್ರು: ‘ಬ್ಯಾಡ್ರಿ, ರಿಪೇರಿಯವ್ರನ್ನ ಕರೀರಿ.’ ‘ಪ್ಲಗ್ ಕಿತ್ತೇನಿ, ಏನಾಗಂಗಿಲ್ಲ’ ಅಂದ್ರು ಕಾಕಾ. ಕೈಯಲ್ಲಿ ಒದ್ದೆ ಬಟ್ಟೆ. ಚಟ್ ಅಂತ ಒಂದು ಸದ್ದು. ಅವರು ಹಿಂದಕ್ಕೆ ಗೋಡೆಗೆ ಬಿದ್ರು. ಬಲಗೈ ಎರಡು ದಿನ ಎತ್ತೋಕೆ ಆಗಲಿಲ್ಲ. ಮರುದಿನ ಪೂಜೆ ಎಡಗೈಯಲ್ಲೇ ಮಾಡಿದ್ರು. ಬದುಕಿದ್ದೇ ದೊಡ್ಡದು ಅಂತ ಎಲ್ಲರೂ ಅಂದ್ರು.

ಪ್ಲಗ್ ಕಿತ್ತಿದ್ದು ಸುಳ್ಳಲ್ಲ. ಕಾಕಾ ನಮ್ಮ ಓಣಿಯ ಅತ್ಯಂತ ಹುಷಾರಿನ ಮನುಷ್ಯ. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಒಂದೇ: ಕರೆಂಟು ತಂತಿಯಲ್ಲಿ ಮಾತ್ರ ಇರೋದಲ್ಲ, ಸಾಮಾನಿನ ಹೊಟ್ಟೆಯಲ್ಲೂ ಉಳಿದಿರುತ್ತೆ. ಇವತ್ತಿನ ಅಡುಗೆಮನೆಯಲ್ಲಿ ಆ ಟಿವಿಯ ಜಾಗಕ್ಕೆ ಮೈಕ್ರೋವೇವ್ ಬಂದಿದೆ. ಅದರ ಕಂಡೆನ್ಸರಿನಲ್ಲಿ ಸುಮಾರು 2,000 ವೋಲ್ಟ್ ಇರುತ್ತೆ. ಯಾವ ಕಾರಣಕ್ಕೂ ಅದರ ಹೊರಕವಚ ಬಿಚ್ಚಬೇಡಿ.

ನಾಲ್ಕನೇ ಕಥೆ ನವೆಂಬರ್ 14ರದು. ಹಾನಗಲ್ ತಾಲ್ಲೂಕಿನ ಕುಸನೂರು. ಈಗ ಹಾವೇರಿ ಜಿಲ್ಲೆ, ಆಗ ಧಾರವಾಡ ಜಿಲ್ಲೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಕುಮಾರಪಟ್ಟಣದ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ ಕಂಪನಿ ಮಾಡಿದ್ವು. ತಿರುಳಿಗೆ ಬೇಕಾದ ನೀಲಗಿರಿ ಬೆಳೆಸೋಕೆ ಸುಮಾರು 30,000 ಹೆಕ್ಟೇರ್ ಭೂಮಿ ಕೊಡುವ ಯೋಜನೆ. ಆದ್ರೆ ಆ ಭೂಮಿ ಖಾಲಿ ಬಿದ್ದದ್ದಲ್ಲ. ದನ ಮೇಯುವ, ಉರುವಲು ಆರಿಸುವ, ಹುಲ್ಲು ಕೊಯ್ಯುವ ಊರಿನ ಜಾಗ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಅದರ ಎಸ್.ಆರ್. ಹಿರೇಮಠ, ಹಿರಿಯ ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ್ರು. ಅವತ್ತು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ನಮ್ಮ ಕಡೆ ನೆಡೋದಕ್ಕೆ ‘ಹಚ್ಚೋದು’ ಅಂತೀವಿ. ಆ ಸತ್ಯಾಗ್ರಹದ ಹೆಸರೇ ‘ಕಿತ್ತಿಕೋ ಹಚ್ಚಿಕೋ’. 1991ರಲ್ಲಿ ಆ ಕಂಪನಿಯನ್ನ ಸರ್ಕಾರ ಮುಚ್ಚಿತು.

ಅದೇ ದಶಕದಲ್ಲಿ ತುಂಗಭದ್ರೆಯ ಕೆಳದಂಡೆಯ ಹಳ್ಳಿಗಳವರು ನದಿ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಅಂತ ದನಿ ಎತ್ತಿದ್ರು. ಇತ್ತ ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ. ಅತ್ತ ನದಿ ಸಾವಿರಾರು ಮನೆಗಳಿಗೆ ನೀರು. ಎರಡೂ ನಿಜ. ಒಂದೇ ಮನೆಯಲ್ಲಿ ಅಣ್ಣ ಕಾರ್ಖಾನೆಗೆ, ತಮ್ಮ ಹೊಲಕ್ಕೆ ಹೋಗುವ ಊರುಗಳಲ್ಲಿ ಈ ಜಗಳ ಸುಲಭದ್ದಲ್ಲ.

ಈ ನಾಲ್ಕೂ ಕಥೆ ಒಟ್ಟಿಗೆ ಇಟ್ಟು ನೋಡಿ. ಮನೆಯಲ್ಲಿ ನಾವು ಟಿವಿ ಒರೆಸ್ತಿದ್ವಿ. ಅಂಗಡಿಯಲ್ಲಿ ಒರೆಸಿದ ದ್ರವ ಆಕಾಶಕ್ಕೆ ಹೋಗ್ತಿತ್ತು. ಬಟ್ಟೆಯ ಎಳೆಗೆ ಬೇಕಾದ ಮರಕ್ಕೆ ಯಾರದೋ ಗೋಮಾಳ ಹೋಗ್ತಿತ್ತು. ಒರೆಸಿದ ಕೊಳೆ ಮಾಯ ಆಗಲ್ಲ. ಜಾಗ ಬದಲಿಸುತ್ತೆ ಅಷ್ಟೇ. ಚರಿತ್ರೆ ಕಲಿಸುವ ಪಾಠ ಇದು.

ಮೆಣಸಿನ ಘಾಟು, ಸ್ಯಾನಿಟೈಸರ್ ಘಾಟು

ಕುಮಾರಪಟ್ಟಣದಿಂದ ಬ್ಯಾಡಗಿ ಬಹಳ ದೂರ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ತು. ಹಂಗಾಮಿನಲ್ಲಿ ಅಲ್ಲಿಯ ಮಾರುಕಟ್ಟೆಗೆ ಹೋದವರಿಗೆ ಗೊತ್ತು, ಗಾಳಿಯೇ ಕೆಂಪು. ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರ್, ಪ್ರಿಂಟರ್ ಎಲ್ಲದರ ಮೇಲೂ ಕೆಂಪು ಪುಡಿ. ಕಂಪ್ಯೂಟರಿನ ಫ್ಯಾನು ಗಾಳಿಯ ಜೊತೆ ಅದನ್ನೂ ಒಳಗೆ ಎಳೆಯುತ್ತೆ. ಧೂಳು ಕೂತಷ್ಟೂ ಬಿಸಿ, ಬಿಸಿ ಆದಷ್ಟೂ ಆಯಸ್ಸು ಕಡಿಮೆ. ಅದನ್ನ ಬಾಯಿಂದ ಉಫ್ ಅಂತ ಊದಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಊದಿದ್ದು ಕಣ್ಣಿಗೇ ವಾಪಸ್. ಜೊತೆಗೆ ಉಗುಳಿನ ಹನಿ ಬೋರ್ಡಿಗೆ. ಕಂಪ್ಯೂಟರ್ ಆಫ್ ಮಾಡಿ, ತಂತಿ ಕಿತ್ತು, ಹೊರಗೆ ಕಟ್ಟೆಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಒಣ ಬ್ರಷ್ಷಿನಿಂದ ತೆಗೆಯೋದು ಒಳ್ಳೇದು. ಬ್ಲೋವರ್ ಹಿಡಿಯೋದಾದ್ರೆ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಜೋರಾಗಿ ತಿರುಗಿದ್ರೆ ಅದರ ಬೇರಿಂಗ್ ಕೆಡಬಹುದು.

ಇನ್ನು 2020. ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟಿದ್ದು ನಮ್ಮ ಕಲಬುರಗಿಯಿಂದ, ಮಾರ್ಚ್ ತಿಂಗಳಲ್ಲಿ. ಆಮೇಲೆ ಏನಾಯ್ತು ನಿಮಗೆ ಗೊತ್ತು. ಹಾಲಿನ ಪಾಕೀಟು ತೊಳೆದ್ವಿ, ತರಕಾರಿ ತೊಳೆದ್ವಿ, ನೋಟು ಇಸ್ತ್ರಿ ಮಾಡಿದ್ವಿ. ಮೊಬೈಲಿಗೆ ಸ್ಯಾನಿಟೈಸರ್ ಸಿಂಪಡಿಸಿದ್ವಿ. ಎಷ್ಟೋ ಫೋನುಗಳ ಸ್ಪೀಕರ್ ಆಗಲೇ ಬಾಯಿ ಮುಚ್ಚಿದ್ದು. ಅಲ್ಲಿಯವರೆಗೆ ಫೋನಿಗೆ ಯಾವ ರಾಸಾಯನಿಕವೂ ಬೇಡ ಅಂತಿದ್ದ ಆಪಲ್ ಕಂಪನಿ ಕೂಡ 2020ರ ಮಾರ್ಚ್‌ನಲ್ಲಿ ಮಾತು ಬದಲಿಸಿ, 70 ಪ್ರತಿಶತ ಐಪಿಎ ಇರುವ ವೈಪ್ಸ್‌ನಿಂದ ಹಗುರವಾಗಿ ಒರೆಸಬಹುದು ಅಂತು. ಒರೆಸಬಹುದು, ಅದ್ದಬಾರದು. ಈ ವ್ಯತ್ಯಾಸ ಮುಖ್ಯ. ಫೋನಿನ ಗಾಜಿನ ಮೇಲೆ ಬೆರಳ ಜಿಡ್ಡು ಅಂಟದ ಹಾಗೆ ಒಂದು ತೆಳು ಲೇಪ ಇರುತ್ತೆ. ದಿನಕ್ಕೆ ಹತ್ತು ಸಲ ಉಜ್ಜಿದ್ರೆ ಆ ಲೇಪವೇ ಹೋಗುತ್ತೆ.

ಆ ವರ್ಷ ವೈಪ್ಸ್ ಅನ್ನೋದು ನಮ್ಮ ಸಣ್ಣ ಊರುಗಳ ಮೆಡಿಕಲ್ ಶಾಪಿಗೂ ಬಂತು. ವಿಸ್ಕೋಸ್, ಪಾಲಿಯೆಸ್ಟರ್ ಎಳೆಗಳನ್ನ ನೇಯದೆ, ನೀರಿನ ಜೋರು ಚಿಲುಮೆಯಿಂದ ಒಂದಕ್ಕೊಂದು ಹೆಣೆದು ಮಾಡುವ ಹಾಳೆ ಅದು. ಒಮ್ಮೆ ಒರೆಸಿ ಬಿಸಾಕೋದು. ಅಜ್ಜನ ಧೋತರದ ತುಂಡು ಹತ್ತು ವರ್ಷ ನಡೆದಿತ್ತು. ಇದು ಹತ್ತು ಸೆಕೆಂಡು. ವಿಸ್ಕೋಸ್ ಮಣ್ಣಲ್ಲಿ ಕೊಳೆಯುತ್ತೆ, ಪಾಲಿಯೆಸ್ಟರ್ ಕೊಳೆಯಲ್ಲ. ಗಟಾರಕ್ಕೆ ಹಾಕಿದ್ರೆ ಅದು ಸೇರೋದು ಎಲ್ಲಿಗೆ? ಮತ್ತೆ ಹೊಳೆಗೇ.

ಹಂಗಾದ್ರ ಹೆಂಗ ಒರಿಸೂದು?

ಕಥೆ ಸಾಕು, ಕೆಲಸದ ಮಾತಿಗೆ ಬರೋಣ. ಮಹಾನವಮಿಗೆ ಮುಂಚೆ ಇಷ್ಟು ನೆನಪಿಡಿ.

ಮೊದಲನೇದು, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕೀಳಿ. ವೈರಿಂಗ್ ಉಲ್ಟಾ ಆಗಿರುವ ಮನೆಯಲ್ಲಿ ಸ್ವಿಚ್ ಆಫ್ ಇದ್ರೂ ಸಾಕೆಟ್ಟಿನ ಒಂದು ಕಡೆ ಕರೆಂಟು ಇದ್ದೇ ಇರುತ್ತೆ. ಬಿಸಿ ಇದ್ರೆ ಆರೋಕೆ ಬಿಡಿ. ಮುಚ್ಚಳ ಬಿಚ್ಚುವ ಕೆಲಸ ನಮ್ಮದಲ್ಲ. ಹಳೇ ಟಿವಿ, ಮೈಕ್ರೋವೇವ್, ಇನ್ವರ್ಟರ್, ಇವುಗಳದ್ದಂತೂ ಅಲ್ಲವೇ ಅಲ್ಲ.

ಎರಡನೇದು, ದ್ರವವನ್ನ ಬಟ್ಟೆಗೆ ಹಾಕಿ, ಸಾಮಾನಿಗೆ ಹಾಕಬೇಡಿ. ಪರದೆಯ ಮೇಲೆ ಸಿಂಪಡಿಸಿದ್ದು ಕೆಳಗಿಳಿದು ಅಂಚಿನ ಸಂದಿಗೆ ಸೇರುತ್ತೆ, ಅಲ್ಲೇ ಸರ್ಕೀಟ್ ಇರೋದು. ಈಗಿನ ಎಲ್‌ಇಡಿ ಟಿವಿಗೆ ಒಣ ಮೆತ್ತನೆ ಬಟ್ಟೆ ಸಾಕು. ಕಲೆ ಹೋಗದಿದ್ರೆ ನೀರಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆ. ಕಿಟಕಿ ಗಾಜಿಗೆ ಬಳಸುವ ಅಮೋನಿಯಾ ಇರುವ ದ್ರವ ಬೇಡ, ಪರದೆಯ ಲೇಪ ಕೆಡುತ್ತೆ. ಒತ್ತಿ ಉಜ್ಜಬೇಡಿ.

ಮೂರನೇದು, ಮಿಕ್ಸರ್. ಜಾರು ತೊಳೆಯಿರಿ, ಮೋಟರ್ ಇರುವ ಬುಡವನ್ನ ನಲ್ಲಿ ಕೆಳಗೆ ಹಿಡಿಯಬೇಡಿ. ಬುಡದ ಗಾಳಿಕಂಡಿಯಲ್ಲಿ ಕೂತ ಖಾರದಪುಡಿಯನ್ನ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಸ್ವಿಚ್‌ಬೋರ್ಡಿಗೆ ಒದ್ದೆ ಬಟ್ಟೆ ಬೇಡವೇ ಬೇಡ. ತೀರಾ ಕೊಳೆ ಆಗಿದ್ರೆ ಮೇನ್ ಆಫ್ ಮಾಡಿ, ಒಣ ಬಟ್ಟೆ ಹಿಡಿಯಿರಿ.

ನಾಲ್ಕನೇದು, ಮೊಬೈಲ್. ಆಫ್ ಮಾಡಿ. ಚಾರ್ಜಿಂಗ್ ತೂತಿಗೆ ಸೂಜಿ, ಸೇಫ್ಟಿ ಪಿನ್ನು ಹಾಕಬೇಡಿ. ಮೆತ್ತನೆ ಒಣ ಬ್ರಷ್ ಸಾಕು. ಐಪಿಎ ಬಳಸೋದಾದ್ರೆ ಹತ್ತಿರ ದೀಪ, ಊದಿನಕಡ್ಡಿ, ಉರಿಯುವ ಒಲೆ ಇರಬಾರದು. ಪೂಜೆಯ ದಿನ ಇದು ಸುಲಭಕ್ಕೆ ಮರೆತು ಹೋಗುವ ಮಾತು. ಫೋನು ನೀರಿಗೆ ಬಿದ್ರೆ ಅಕ್ಕಿಡಬ್ಬಿಯಲ್ಲಿ ಹುಗಿದಿಡೋದು ನಮ್ಮ ನೆಚ್ಚಿನ ಮದ್ದು. 2024ರಲ್ಲಿ ಆಪಲ್ ಅದು ಬೇಡ ಅಂತ ಹೇಳಿದೆ, ಅಕ್ಕಿಯ ಸಣ್ಣ ಕಣಗಳೇ ಒಳಗೆ ಹೋಗಿ ಕೆಡಿಸಬಹುದು. ಗಾಳಿ ಆಡುವ ಜಾಗದಲ್ಲಿ ಸುಮ್ಮನೆ ಬಿಡಿ, ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಐದನೇದು, ಪೂಜೆ. ಪೂಜೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಒದ್ದೆ ವಿಭೂತಿ, ಕುಂಕುಮ ನೇರವಾಗಿ ಕೀಬೋರ್ಡಿಗೆ, ಪರದೆಗೆ, ಗಾಳಿಕಂಡಿಗೆ ಹಚ್ಚಬೇಡಿ. ಒಂದು ವೀಳ್ಯದೆಲೆಗೋ ಕಾಗದಕ್ಕೋ ಹಚ್ಚಿ ಪಕ್ಕದಲ್ಲಿಡಿ. ನಿಂಬೆಹಣ್ಣು ಇಡಿ, ಕೊಯ್ದು ಹಿಂಡಬೇಡಿ, ಅದರ ಹುಳಿ ಲೋಹ ತಿನ್ನುತ್ತೆ. ಅಕ್ಷತೆ, ನೀರು ಪ್ರೋಕ್ಷಣೆ ಮಾಡುವಾಗ ಎಲ್ಲ ಪ್ಲಗ್ ಕಿತ್ತಿರಲಿ.

ಕೊನೇದು, ಮನೆಯ ಅರ್ಥಿಂಗ್ ಸರಿ ಇದೆಯಾ ನೋಡಿಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮೈಮೇಲಿಂದ ನೆಲಕ್ಕೆ ಹರಿಯೋಕೆ ಶುರುವಾದ ಕ್ಷಣವೇ ಅದು ಮೇನ್ ಕತ್ತರಿಸುತ್ತೆ. ಇಷ್ಟು ಪೆಟ್ಟು ತಿಂದ ಮೇಲೆ ನಮ್ಮ ಮನೆಗೆ ಬಂದ ಅತಿ ಒಳ್ಳೆ ಸಾಮಾನು ಅದು.

ಬನ್ನಿ ಕೊಡುವ ಮುಂಚೆ

ಒಂದು ಮಾತು ಉಳೀತು. ಎಷ್ಟು ಒರೆಸಿದ್ರೂ ಒಂದು ದಿನ ಸಾಮಾನು ಸತ್ತೇ ಹೋಗುತ್ತೆ. ಕಾಕಾನ ಆ ಟಿವಿ ಆಮೇಲೆ ಹದಿನೈದು ವರ್ಷ ನಡೀತು. ಕೊನೆಗೆ ಗುಜರಿಗೆ ಹೋಯ್ತು. ಅಂಥ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತೆ. ತಾಮ್ರಕ್ಕೋಸ್ಕರ ತಂತಿ ಸುಟ್ರೆ, ಬೋರ್ಡನ್ನ ಆಸಿಡ್ಡಿನಲ್ಲಿ ಅದ್ದಿದ್ರೆ, ಆ ಹೊಗೆ ಯಾರದೋ ಮಕ್ಕಳ ಎದೆಗೆ ಹೋಗುತ್ತೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ಇಂಥ ಕಸವನ್ನ ಶಾಸ್ತ್ರೀಯವಾಗಿ ಬಿಡಿಸುವ ದೇಶದ ಮೊದಲ ಘಟಕಗಳಲ್ಲಿ ಒಂದು. ಇ-ತ್ಯಾಜ್ಯದ ನಿಯಮಗಳು 2012ರಿಂದ ಜಾರಿಯಲ್ಲಿವೆ, 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು. ಮಾರಿದ ಕಂಪನಿಯೇ ಹಳೇ ಸಾಮಾನಿನ ಗತಿಗೂ ಹೊಣೆ ಅನ್ನೋದು ಅದರ ಸಾರ. ಹೊಸದು ಕೊಳ್ಳುವಾಗ ಅಂಗಡಿಯವರನ್ನ ‘ಹಳೇದನ್ನ ಎಲ್ಲಿಗೆ ಕಳಿಸ್ತೀರಿ’ ಅಂತ ಕೇಳೋಕೆ ನಾಚಿಕೆ ಬೇಡ.

ವಿಜಯದಶಮಿ ಸಂಜೆ ನಾವು ಬನ್ನಿ ಕೊಡ್ತೀವಲ್ಲ, ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ. ಗೊತ್ತಾ, ನಮ್ಮ ಹಳೇ ಮೊಬೈಲುಗಳಲ್ಲೂ ಬಂಗಾರ ಇದೆ. ಒಂದು ಟನ್ ಗಣಿ ಅದಿರಿಗಿಂತ ಒಂದು ಟನ್ ಹಳೇ ಮೊಬೈಲಿನಲ್ಲಿ ಸಿಗುವ ಬಂಗಾರ ಜಾಸ್ತಿ. ಡ್ರಾಯರಿನಲ್ಲಿ ಬಿದ್ದ ಆ ಬಂಗಾರಕ್ಕೂ ಒಂದು ದಾರಿ ತೋರಿಸಿ.

ಕಾಕಾಗೆ ಈಗ ಎಂಬತ್ತು ದಾಟಿದೆ. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಮೊಮ್ಮಗಳು ಟಿವಿ ಒರೆಸ್ತಿದ್ಲು. ಕುರ್ಚಿಯಲ್ಲಿ ಕೂತಲ್ಲಿಂದಲೇ ಕಾಕಾ ಕೇಳಿದ್ರು: ‘ಏ ತಂಗೀ, ಪ್ಲಗ್ ಕಿತ್ತಿಯೇನು?’ ‘ಕಿತ್ತೇನಿ ಅಜ್ಜಾ.’ ‘ಹಿಂದಿನ ಮುಚ್ಚಳ ಮುಟ್ಟಬ್ಯಾಡ.’ ‘ಇಲ್ಲ ಅಜ್ಜಾ.’ ‘ಬಟ್ಟಿ ಹಿಂಡಿಯೇನು?’ ‘ಒಣದೈತಿ ಅಜ್ಜಾ.’ ಆಮೇಲೆ ಅವರು ಸುಮ್ಮನಾದ್ರು. ಬಲಗೈಯಿಂದ ಮೆಲ್ಲಗೆ ಮೊಣಕಾಲು ತಟ್ಟಿಕೊಳ್ತಾ ಕೂತ್ರು.

ಹಬ್ಬದ ಶುಭಾಶಯ. ಹುಷಾರಾಗಿ ಒರೆಸಿ. ಮುಂದಿನ ವಾರ ಮತ್ತೆ ಸಿಗೋಣ.